ಉಡಿ ತುಂಬಿದ ದಿನ

ಮೊನ್ನೆ ಅಮೆರಿಕದ ನಮ್ಮ ಕನ್ನಡಿಗರ ಗುಂಪಿನಲ್ಲಿ ಒಬ್ಬ ತಂಗಿ ಕೇಳಿದ್ದರು: "ಬಸಿರಾಗಿದ್ದೇನೆ, ಬಡ್ತಿಯ ಸಂದರ್ಶನ ಬಿಟ್ಟುಬಿಡಲೇ?" ಉತ್ತರಿಸಿದವರೆಲ್ಲ "ಮಗು ಮೊದಲು" ಎಂದರು. ಓದಿ ಸಿಟ್ಟು ಬಂತು. ಹಳೆಯ ಸಿಟ್ಟು ಅದು, ಕೊಪ್ಪಳದ್ದು.

ಏಳನೇ ತಿಂಗಳಲ್ಲಿ ಕುಬಸಕ್ಕೆಂದು (ನಮ್ಮ ಕಡೆಯ ಸೀಮಂತ) ತವರಿಗೆ ಹೋಗಿದ್ದೆ. ಹಸಿರು ಸೀರೆ, ಕೈತುಂಬ ಹಸಿರು ಬಳೆ. ದೊಡ್ಡವ್ವ ಅಕ್ಕಿ, ಕೊಬ್ಬರಿ, ಉತ್ತತ್ತಿ ಉಡಿಗೆ ಹಾಕುತ್ತಾ, "ಇನ್ನು ಆ ಕೆಲಸ ಸಾಕವ್ವ" ಎಂದಳು. ಎದ್ದು ಹೋಗೋಣವೆಂದರೆ ಉಡಿ ಚೆಲ್ಲುತ್ತದೆ. ಸೆರಗು ಬಿಗಿಹಿಡಿದು ಕುಳಿತೆ.

ನಮ್ಮ ಕಥೆಗಳೂ ದೊಡ್ಡವ್ವನಂತೆಯೇ. ನಾಯಕಿಗೆ ವಾಂತಿಯಾದರೆ ಮನೆಗೆಲ್ಲ ಹಬ್ಬ. ಅರ್ಧಕ್ಕೆ ನಿಂತ ಅವಳ ಓದು ಏನಾಯಿತೆಂದು ಮುಂದಿನ ಅಧ್ಯಾಯ ಕೇಳುವುದಿಲ್ಲ. ಕಾದಂಬರಿಗಾರ್ತಿ ತ್ರಿವೇಣಿ ಮಾತ್ರ ಹೆರಿಗೆಯ ಆಚೆಗೂ ನಡೆದರು. ‘ಶರಪಂಜರ’ದ ಕಾವೇರಿಗೆ ಹೆರಿಗೆಯ ನಂತರ ಮನಸ್ಸು ಕೆಡುತ್ತದೆ. ಗುಣವಾಗಿ ಬಂದರೂ ಮನೆಯವರ ಕಣ್ಣಿಗೆ ಅವಳು ಹುಚ್ಚಿಯೇ. 1971ರ ಸಿನಿಮಾ ನೋಡಿದವರಿಗೆ ಇದು ಗೊತ್ತು. ಬರೆದಾಕೆ 1963ರಲ್ಲಿ, 35 ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು ಎಂಬುದು ಎಷ್ಟು ಜನರಿಗೆ ಗೊತ್ತೋ!

ಇಲ್ಲಿ ಅಮೆರಿಕದಲ್ಲಿ 1993ರ ಕಾನೂನು ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ. ಭಾರತದಲ್ಲಿ 2017ರಿಂದ ಮೊದಲ ಎರಡು ಹೆರಿಗೆಗಳಿಗೆ 26 ವಾರ, ಸಂಬಳ ಸಹಿತ. (ನಮ್ಮೂರ ಹೊಲದಲ್ಲಿ ಹತ್ತಿ ಬಿಡಿಸುವವಳಿಗೆ ಯಾವ ವಾರವೂ ಇಲ್ಲ, ಆ ಮಾತು ಬೇರೆ.)

ನನ್ನ ಬಾಣಂತನಕ್ಕೆ ಅವ್ವನೇ ಬಂದಳು. ಹನ್ನೊಂದನೇ ವಾರದ ಒಂದು ರಾತ್ರಿ, ಕೆಲಸಕ್ಕೆ ಮರಳುವ ಮಾತೆತ್ತಲು ಹೆದರುತ್ತಾ ಅಡುಗೆಮನೆಯಲ್ಲಿ ನಿಂತಿದ್ದೆ. ಅವ್ವ ಅಂಟಿನುಂಡೆ ಕಟ್ಟುತ್ತಿದ್ದಳು.

"ನನಗೆ ಬಿ.ಎಡ್. ಸೀಟು ಸಿಕ್ಕಿತ್ತು. ಆಗ ನೀನು ಹೊಟ್ಟೆಯಲ್ಲಿದ್ದೆ."

ಇಷ್ಟು ವರ್ಷ ಈ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಪಾಕ ಆರಿದರೆ ಉಂಡೆ ಕಟ್ಟಲು ಬರುವುದಿಲ್ಲ. ತಲೆ ಎತ್ತದೆ, "ಸೋಮವಾರ ಹೋಗು, ಕೂಸನ್ನು ನಾನು ನೋಡುತ್ತೇನೆ" ಎಂದಳು.

ತಂಗಿ, ಸಂದರ್ಶನಕ್ಕೆ ಹೋಗಿ. ಅಮ್ಮನ ವೀಸಾಕ್ಕೆ ಈ ವಾರವೇ ಅರ್ಜಿ ಹಾಕಿಸಿ. ವೀಸಾ ಸಂದರ್ಶನದ ದಿನಾಂಕ ಸಿಗುವುದೇ ಕಷ್ಟ.