ಸೆಂಟ್‌ಓಎಸ್ 7 ನಿಂತುಹೋಗಿದೆ: ಕ್ಯೂರಿಂಗ್ ಕಚೇರಿಯ ಸರ್ವರ್‌ಗೆ ಇನ್ನು ಯಾವುದು?

ಪ್ರಶ್ನೆ (ಚಿಕ್ಕಮಗಳೂರಿನ ಸದಸ್ಯೆ)

ನಮಸ್ಕಾರ ಸರ್. ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ (ಬೀಜ ಸುಲಿದು ಹದಮಾಡುವ) ಘಟಕದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕಂಪ್ಯೂಟರ್ ಓದಿದವಳಲ್ಲ. ಕಚೇರಿಯಲ್ಲಿ ಅಲ್ಪಸ್ವಲ್ಪ ಗೊತ್ತಿರುವವಳು ನಾನೊಬ್ಬಳೇ ಆದ್ದರಿಂದ ಸರ್ವರ್ ಜವಾಬ್ದಾರಿಯೂ ನನ್ನ ಹೆಗಲಿಗೆ ಬಿದ್ದಿದೆ. ಬೆಳೆಗಾರರು ತರುವ ಪಾರ್ಚ್‌ಮೆಂಟ್, ಚೆರಿ ಮೂಟೆಗಳ ತೂಕ, ತೇವಾಂಶ, ಔಟ್‌ಟರ್ನ್ (ಸುಲಿದ ಮೇಲೆ ಸಿಗುವ ಬೀಜದ ಪ್ರಮಾಣ), ಕೊಡಬೇಕಾದ ಬಾಕಿ ಎಲ್ಲವೂ ಅದರೊಳಗೆ ಇವೆ. ಎಂಟು ವರ್ಷದ ಹಿಂದೆ ಅದನ್ನು ಹಾಕಿಕೊಟ್ಟವರು ಈಗ ಊರಲ್ಲಿಲ್ಲ.

ಅದರಲ್ಲಿರುವುದು ಸೆಂಟ್‌ಓಎಸ್ 7.9 ಎಂಬ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಂ. ಕಳೆದ ವಾರ ಅಪ್‌ಡೇಟ್ ಕಮಾಂಡ್ ಕೊಟ್ಟರೆ ‘ಮಿರರ್‌ಲಿಸ್ಟ್’ ಎಂಬ ವಿಳಾಸವೇ ಸಿಗುತ್ತಿಲ್ಲ ಎಂದು ಬಂತು. ಇಂಟರ್ನೆಟ್ ಚೆನ್ನಾಗಿಯೇ ಇದೆ. ದುಡ್ಡು ಕೊಟ್ಟು ರೆಡ್ ಹ್ಯಾಟ್ ಹಾಕಿಸಿ ಎಂದು ಒಬ್ಬರು ಹೇಳುತ್ತಾರೆ, ನಡೆಯುತ್ತಿರುವುದನ್ನು ಮುಟ್ಟಬೇಡಿ ಎಂದು ಇನ್ನೊಬ್ಬರು. ನಮ್ಮ ಮಾಲೀಕರದು ಒಂದೇ ಪ್ರಶ್ನೆ: ‘ಪುಕ್ಕಟೆ ಸಿಗುವುದನ್ನು ಯಾರ ಮೇಲೆ ನಂಬಿಕೆಯಿಟ್ಟು ಹಾಕಿಸಲಿ?’ ದಯವಿಟ್ಟು ದಾರಿ ತೋರಿಸಿ.

ಉತ್ತರ (ಹಾಸನದ ಸರ್ವರ್ ನಿರ್ವಾಹಕರು)

ನಮಸ್ಕಾರ ಮೇಡಂ. ನಿಮ್ಮ ಇಂಟರ್ನೆಟ್ಟಿನಲ್ಲಿ ತಪ್ಪಿಲ್ಲ. ಸೆಂಟ್‌ಓಎಸ್ 7ರ ಆಯುಸ್ಸು 2024ರ ಜೂನ್ 30ಕ್ಕೆ ಮುಗಿಯಿತು. ಅದಾದ ಮೇಲೆ ಆ ವಿಳಾಸವನ್ನೇ ತೆಗೆದುಹಾಕಿದರು. ಹಳೆಯ ಪ್ಯಾಕೇಜುಗಳು ‘ವಾಲ್ಟ್’ ಎಂಬ ಉಗ್ರಾಣದಲ್ಲಿ ಸಿಗುತ್ತವೆ, ಆದರೆ ಹೊಸದಾಗಿ ಪತ್ತೆಯಾಗುವ ಲೋಪಗಳಿಗೆ ಅಲ್ಲಿ ತೇಪೆ ಸಿಗುವುದಿಲ್ಲ. ಹಾಗಾಗಿ ‘ಮುಟ್ಟಬೇಡಿ’ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹೊರಗಿನಿಂದ ಆ ಸರ್ವರ್‌ಗೆ ಬರಲು ರೌಟರಿನಲ್ಲಿ ದಾರಿ ತೆರೆದಿದ್ದರೆ ಅದನ್ನು ಇವತ್ತೇ ಮುಚ್ಚಿಸಿ. ಉಳಿದದ್ದನ್ನು ನಿಧಾನವಾಗಿ ಯೋಚಿಸಬಹುದು.

ಇನ್ನು ನಿಮ್ಮ ಮಾಲೀಕರ ಪ್ರಶ್ನೆ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆಯೇ ಅದು. ಬೆಲೆ ಎಷ್ಟು ಎಂದು ಕೇಳುವವರು ಬಹಳ, ಲಗಾಮು ಯಾರ ಕೈಯಲ್ಲಿದೆ ಎಂದು ಕೇಳುವವರು ಕಡಿಮೆ.

ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ಒಂದು ಮುಕ್ತ ತಂತ್ರಾಂಶ. ಅದರ ಬಹುಭಾಗ ಜಿಪಿಎಲ್ ಮುಂತಾದ, ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ಪರವಾನಗಿಗಳ ಕೆಳಗಿದೆ. ಕಂಪನಿ ವರ್ಷಕ್ಕಿಷ್ಟು ಎಂದು ಹಣ ಪಡೆಯುವುದು ಬೆಂಬಲಕ್ಕೆ ಮತ್ತು ಅಪ್‌ಡೇಟ್‌ಗಳಿಗೆ. ಸೋರ್ಸ್ ಕೋಡ್, ಅಂದರೆ ತಂತ್ರಾಂಶದ ಮೂಲ ಬರಹ, ಎಲ್ಲರಿಗೂ ಸಿಗುತ್ತಿದ್ದುದರಿಂದ 2004ರಲ್ಲಿ ಕೆಲವು ಸ್ವಯಂಸೇವಕರು ಅದನ್ನು ತೆಗೆದುಕೊಂಡು, ಕಂಪನಿಯ ಹೆಸರು, ಟೋಪಿಯ ಗುರುತು ಅಳಿಸಿ, ಮತ್ತೆ ಕಟ್ಟಿ ಉಚಿತವಾಗಿ ಹಂಚಿದರು. ಆ ಪಡಿಯಚ್ಚೇ ಸೆಂಟ್‌ಓಎಸ್. ಆಗಿನ ದಿನಗಳಲ್ಲಿ ಅವರು ರೆಡ್ ಹ್ಯಾಟ್ ಎಂದು ಹೆಸರು ಕೂಡ ಬರೆಯದೆ ‘ಉತ್ತರ ಅಮೆರಿಕದ ಪ್ರಮುಖ ಲಿನಕ್ಸ್ ಮಾರಾಟಗಾರರು’ ಎಂದು ಬರೆಯುತ್ತಿದ್ದರು. ಟ್ರೇಡ್‌ಮಾರ್ಕ್ ವಿಷಯದಲ್ಲಿ ಅಷ್ಟು ಎಚ್ಚರಿಕೆ.

2014ರಲ್ಲಿ ಆ ಯೋಜನೆ ರೆಡ್ ಹ್ಯಾಟ್‌ನ ಆಶ್ರಯಕ್ಕೇ ಹೋಯಿತು. 2019ರಲ್ಲಿ ರೆಡ್ ಹ್ಯಾಟ್ಟನ್ನು ಐಬಿಎಂ 3,400 ಕೋಟಿ ಡಾಲರಿಗೆ ಕೊಂಡಿತು. 2020ರ ಡಿಸೆಂಬರ್ 8ರಂದು ಹೊರಬಿದ್ದ ಪ್ರಕಟಣೆಯ ಪ್ರಕಾರ, 2029ರ ತನಕ ಬಾಳಬೇಕಾಗಿದ್ದ ಸೆಂಟ್‌ಓಎಸ್ 8 ಮರುವರ್ಷದ ಡಿಸೆಂಬರ್ 31ಕ್ಕೇ ಮುಗಿಯಿತು. ಅದರ ಬದಲು ಬಂದದ್ದು ಸೆಂಟ್‌ಓಎಸ್ ಸ್ಟ್ರೀಮ್. ಇದು ಪಡಿಯಚ್ಚಲ್ಲ, ರೆಡ್ ಹ್ಯಾಟ್‌ನ ಮುಂದಿನ ಆವೃತ್ತಿ ರೂಪುಗೊಳ್ಳುವ ಜಾಗ.

ಗೊರೂರಿನಲ್ಲಿ ತೂಬು ಎತ್ತಿದರೆ ತಾನೇ ಕೆಳಗಿನ ಗದ್ದೆಗೆ ನೀರು? ಸೆಂಟ್‌ಓಎಸ್‌ನ ತೂಬು ಮಾತ್ರವಲ್ಲ, ಅದರ ಗದ್ದೆಯ ಪಹಣಿಯೂ ಮೇಲಿನವರ ಹೆಸರಿಗೆ ಆಗಿಹೋಗಿತ್ತು. ಮಾಲೀಕರಿಗೆ ಇದನ್ನು ಹೀಗೆಯೇ ಹೇಳಿ.

ಆಮೇಲೆ ಎರಡು ಸಮುದಾಯಗಳು ಎದ್ದು ನಿಂತವು. ಆಲ್ಮಾಲಿನಕ್ಸ್ 2021ರ ಮಾರ್ಚ್ 30ರಂದು ಬಂತು. ಕ್ಲೌಡ್‌ಲಿನಕ್ಸ್ ಎಂಬ ಕಂಪನಿ ಅದನ್ನು ಆರಂಭಿಸಿದರೂ ಈಗ ಅದು ಒಂದು ಲಾಭರಹಿತ ಪ್ರತಿಷ್ಠಾನದ ಕೈಯಲ್ಲಿದೆ, ಸದಸ್ಯರು ಮತ ಹಾಕಿ ಮಂಡಳಿಯನ್ನು ಆರಿಸುತ್ತಾರೆ. ಅದೇ ವರ್ಷದ ಜೂನ್‌ನಲ್ಲಿ ರಾಕಿ ಲಿನಕ್ಸ್ ಬಂತು. ಅದನ್ನು ಆರಂಭಿಸಿದವರು ಸೆಂಟ್‌ಓಎಸ್ ಸ್ಥಾಪಕರಲ್ಲಿ ಒಬ್ಬರಾದ ಗ್ರೆಗರಿ ಕರ್ಟ್ಜರ್. ತೀರಿಹೋದ ತಮ್ಮ ಜೊತೆಗಾರ ರಾಕಿ ಮೆಕ್‌ಗಾ ಅವರ ನೆನಪಿಗೆ ಆ ಹೆಸರಿಟ್ಟರು. ನನಗೆ ಆ ಹೆಸರಿನ ಮೇಲೆ ಗೌರವವಿದೆ.

2023ರ ಜೂನ್‌ನಲ್ಲಿ ತೂಬು ಇನ್ನಷ್ಟು ಇಳಿಯಿತು. ಸಾರ್ವಜನಿಕರಿಗೆ ಇನ್ನು ಸ್ಟ್ರೀಮ್‌ನ ಸೋರ್ಸ್ ಮಾತ್ರ, ಪೂರ್ತಿ ಸೋರ್ಸ್ ಗ್ರಾಹಕರಿಗೆ ಎಂದಿತು ರೆಡ್ ಹ್ಯಾಟ್. ಅಕ್ಷರಶಃ ಪಡಿಯಚ್ಚಾಗಿಯೇ ಉಳಿಯುತ್ತೇವೆ ಎಂದು ರಾಕಿಯವರು ಬೇರೆ ದಾರಿಗಳಿಂದ ಸೋರ್ಸ್ ತರುತ್ತಿದ್ದಾರೆ. ಆಲ್ಮಾದವರು ಪಡಿಯಚ್ಚಿನ ಹಟ ಬಿಟ್ಟರು. ರೆಡ್ ಹ್ಯಾಟ್‌ನಲ್ಲಿ ಓಡುವ ಪ್ರೋಗ್ರಾಂ ನಮ್ಮಲ್ಲೂ ಓಡಿದರೆ ಸಾಕು, ಬೇಕಾದ ಕಡೆ ನಾವೇ ಮೊದಲು ದುರಸ್ತಿ ಮಾಡುತ್ತೇವೆ ಎನ್ನುವುದು ಅವರ ನಿಲುವು. ನಾನು ಒಲಿಯುವುದು ಈ ನಿಲುವಿಗೆ. ನಿಮಗೆ ಆಲ್ಮಾಲಿನಕ್ಸ್ 9 ಹಾಕಿ ಎನ್ನುತ್ತೇನೆ. ಅದಕ್ಕೆ ಭದ್ರತಾ ಅಪ್‌ಡೇಟ್ 2032ರ ತನಕ ಇದೆ. ಪ್ರೊಸೆಸರ್ ತೀರಾ ಹಳೆಯದಾದರೆ ಮಾತ್ರ 8ನೇ ಆವೃತ್ತಿ ಹಾಕಿ, ಅದು 2029ರ ತನಕ.

ರೆಡ್ ಹ್ಯಾಟ್ ಬಗ್ಗೆ ಕೆಟ್ಟ ಮಾತು ಬೇಡ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಅವರ ಎಂಜಿನಿಯರುಗಳು ಕೊಟ್ಟಿರುವುದು ದೊಡ್ಡದು. ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಬೇಕೇ ಬೇಕು ಎನ್ನುವ ಕಚೇರಿ ದುಡ್ಡು ಕೊಡುವುದು ನ್ಯಾಯವೇ.

ಹಾಸನದ ಕಾಲೇಜು ಪ್ರಯೋಗಾಲಯದ ಬೋಧಕರು

ಸರ್, ನಡುವೆ ಮಾತಾಡುತ್ತಿದ್ದೇನೆ, ಕ್ಷಮಿಸಿ. ಯಾವ ಕಂಪನಿಯ ತೂಬಿಗೂ ಕಾಯದ ಲಿನಕ್ಸ್ ಇಲ್ಲವೇ? ನಮ್ಮ ಲ್ಯಾಬಿಗೆ ಬೇಕಾಗಿತ್ತು.

ಉತ್ತರ

ಇದೆ, ಡೆಬಿಯನ್. 1993ರಿಂದ ಸ್ವಯಂಸೇವಕರೇ ನಡೆಸುತ್ತಿದ್ದಾರೆ. ಮುಖ್ಯಸ್ಥರನ್ನು ಡೆವಲಪರುಗಳು ಪ್ರತಿವರ್ಷ ಮತ ಹಾಕಿ ಆರಿಸುತ್ತಾರೆ. ಲ್ಯಾಬಿಗೆ ಕಣ್ಣುಮುಚ್ಚಿ ಅದನ್ನೇ ಹಾಕಿ. ಮಕ್ಕಳು ರೆಡ್ ಹ್ಯಾಟ್ ಪರೀಕ್ಷೆ ಬರೆಯುವವರಾದರೆ ನಾಲ್ಕೈದು ಯಂತ್ರಗಳಲ್ಲಿ ಆಲ್ಮಾ ಅಥವಾ ರಾಕಿ ಇರಲಿ, ಕಮಾಂಡುಗಳು ಅವೇ. ಮೇಡಂಗೆ ಡೆಬಿಯನ್ ಹೇಳದಿರುವುದಕ್ಕೆ ಕಾರಣ, ಅವರಿಗೆ ಬರೆದುಕೊಟ್ಟಿರುವ ಟಿಪ್ಪಣಿ, ಸ್ಕ್ರಿಪ್ಟ್ ಎಲ್ಲವೂ ಸೆಂಟ್‌ಓಎಸ್ ಪದ್ಧತಿಯವು.

ಮೇಡಂ, ನಿಮಗೆ ಇನ್ನೊಂದು ಮಾತು. ಇದ್ದಲ್ಲೇ 7ರಿಂದ 8ಕ್ಕೆ ಏರಿಸಲು ಆಲ್ಮಾದವರ ‘ಎಲಿವೇಟ್’ ಎಂಬ ಸಾಧನವಿದೆ. ಆದರೆ ಬೆಳೆಗಾರರ ಹಣದ ಲೆಕ್ಕ ಇರುವ ಯಂತ್ರದ ಮೇಲೆ ಮೊದಲ ಪ್ರಯೋಗ ಬೇಡ. ಬೇರೆ ಕಂಪ್ಯೂಟರಿನಲ್ಲಿ ಹೊಸದಾಗಿ ಹಾಕಿ, ಮಾಹಿತಿಯನ್ನು ಅಲ್ಲಿಗೆ ಪ್ರತಿ ಮಾಡಿ ನೋಡಿ. ನಿಮ್ಮ ಪ್ರೋಗ್ರಾಂ ಪಿಎಚ್‌ಪಿ ಎಂಬ ಭಾಷೆಯಲ್ಲಿ ಬರೆದದ್ದಾದರೆ ಅದರ ಫೈಲುಗಳಲ್ಲಿ ‘ಮೈಎಸ್‌ಕ್ಯೂಎಲ್_ಕನೆಕ್ಟ್’ ಎಂಬ ಪದವನ್ನು ಹುಡುಕಿ. ಸೆಂಟ್‌ಓಎಸ್ 7ರ ಜೊತೆಗೆ ಬಂದ ಪಿಎಚ್‌ಪಿ 5.4ರಲ್ಲಿ ಅದು ನಡೆಯುತ್ತಿತ್ತು, ಪಿಎಚ್‌ಪಿಯ 7ನೇ ಆವೃತ್ತಿಯಿಂದ ಕಿತ್ತುಹಾಕಿದ್ದಾರೆ. ‘ಮೈಎಸ್‌ಕ್ಯೂಎಲ್’ ಆದ ಮೇಲೆ ಒಂದು ‘ಐ’ ಇದ್ದರೆ ಆ ಮಟ್ಟಿಗೆ ನಿಶ್ಚಿಂತೆ.

ಪ್ರಶ್ನೆ ಕೇಳಿದವರು (ಮೂರು ವಾರಗಳ ನಂತರ)

ಸರ್, ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ ಆಲ್ಮಾ 9 ಹಾಕಿದೆ. ‘ಐ’ ಇತ್ತು, ಪ್ರೋಗ್ರಾಂ ತೆರೆಯಿತು, ತೂಕ, ಹಣ ಎಲ್ಲವೂ ತಾಳೆಯಾದವು. ಆದರೆ ಬೆಳೆಗಾರರ ಹೆಸರು, ಊರು ಯಾವುದೂ ಓದಲು ಬರುವುದಿಲ್ಲ. ‘ಆಲ್ದೂರು’ ಇರಬೇಕಾದ ಕಡೆ ತಲೆಯ ಮೇಲೆ ಗೆರೆಯಿರುವ ಇಂಗ್ಲಿಷಿನ ‘ಎ’, ಚಿಕ್ಕ ಎರಡು, ಚಿಕ್ಕ ಮೂರು ಹೀಗೆ ಸಾಲುಗಟ್ಟಿ ನಿಂತಿವೆ. ಹಳೆಯ ಸರ್ವರಿನಲ್ಲಿ ಈಗಲೂ ಸರಿಯಾಗಿ ಕಾಣುತ್ತಿದೆ. ಹೆಸರುಗಳು ಹೋಗಿಬಿಟ್ಟವೇ ಎಂದು ಕೈಕಾಲು ನಡುಗುತ್ತಿದೆ.

ಉತ್ತರ

ಒಂದಕ್ಷರವೂ ಹೋಗಿಲ್ಲ ಮೇಡಂ, ಧೈರ್ಯವಾಗಿರಿ. ‘ಆಲ್ದೂರು’ ಎಂದರೆ ಕಂಪ್ಯೂಟರಿಗೆ 7 ಸಂಕೇತ: ಆ, ಲ, ಒತ್ತಕ್ಷರ ಮಾಡುವ ವಿರಾಮ ಚಿಹ್ನೆ (್), ದ, ದೀರ್ಘದ ಊಕಾರ, ರ, ಉಕಾರ. ಎಲ್ಲ ಭಾಷೆಗಳ ಅಕ್ಷರ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಒಟ್ಟು 21. ನಿಮ್ಮ ಹಳೆಯ ಡೇಟಾಬೇಸ್ ಮರಿಯಾಡಿಬಿಯ ಕೋಷ್ಟಕಗಳು ‘ಲ್ಯಾಟಿನ್-1’ (ಯುರೋಪಿನ ಅಕ್ಷರಗಳ ಪದ್ಧತಿ) ಎಂದು ಘೋಷಿಸಿಕೊಂಡಿವೆ. ಆ 21 ಬೈಟ್‌ಗಳನ್ನು ಅದು ಅರ್ಥವಾಗದೆ ಇಟ್ಟುಕೊಂಡಿತ್ತು, ಕೇಳಿದಾಗ ಹಾಗೆಯೇ ಕೊಡುತ್ತಿತ್ತು, ಬ್ರೌಸರ್ ಅದನ್ನು ಕನ್ನಡವಾಗಿ ಓದುತ್ತಿತ್ತು. ಹೊಸದು ಒಂದೊಂದು ಬೈಟನ್ನೂ ಒಂದೊಂದು ಯುರೋಪಿನ ಅಕ್ಷರವೆಂದು ನಂಬಿ ‘ಅನುವಾದ’ ಮಾಡಿದೆ.

ಹಳೆಯ ಸರ್ವರಿನಲ್ಲಿ ಮತ್ತೊಮ್ಮೆ ಡಂಪ್ (ಡೇಟಾಬೇಸಿನ ಪ್ರತಿಯ ಫೈಲು) ತೆಗೆಯಿರಿ. ಈ ಸಲ ಅಕ್ಷರಸಂಕೇತ ಲ್ಯಾಟಿನ್-1 ಎಂದೇ ಸೂಚಿಸಿ, ಡಂಪಿನೊಳಗೆ ಅಕ್ಷರಸಂಕೇತದ ಸಾಲು ಬರೆಯದಂತೆ ಹೇಳಿ. ಆಗ ಬೈಟ್‌ಗಳು ಇದ್ದ ಹಾಗೆಯೇ ಬರುತ್ತವೆ. ಫೈಲಿನ ಪ್ರತಿಯೊಂದರಲ್ಲಿ ಕೋಷ್ಟಕಗಳ ಘೋಷಣೆಯನ್ನು ‘ಯುಟಿಎಫ್8ಎಂಬಿ4’ (ಮರಿಯಾಡಿಬಿಯಲ್ಲಿ ಯುಟಿಎಫ್-8ರ ಹೆಸರು) ಎಂದು ಬದಲಿಸಿ, ಅದೇ ಸಂಕೇತ ಸೂಚಿಸಿ ಹೊಸದಕ್ಕೆ ತುಂಬಿ. ಪ್ರೋಗ್ರಾಂ ಡೇಟಾಬೇಸಿಗೆ ಸಂಪರ್ಕಿಸುವ ಜಾಗದಲ್ಲೂ ಅದೇ ಇರಬೇಕು. ಕಮಾಂಡುಗಳನ್ನು ಪ್ರತ್ಯೇಕವಾಗಿ ಕಳುಹಿಸಿದ್ದೇನೆ.

ಪ್ರಶ್ನೆ ಕೇಳಿದವರು

ಬಂತು ಸರ್! ಆಲ್ದೂರು, ಬಾಳೆಹೊನ್ನೂರು, ಮೂಡಿಗೆರೆ ಎಲ್ಲ ಹಾಗೇ ಇವೆ. ಒತ್ತಕ್ಷರ ಕೂಡ ತಪ್ಪಿಲ್ಲ. ಪೂರ್ತಿ ಬದಲಾಯಿಸುವುದನ್ನು ಯಾವಾಗ ಇಟ್ಟುಕೊಳ್ಳಲಿ?

ಉತ್ತರ

ತುಂಬಾ ಸಂತೋಷವಾಯಿತು. ಜೋರು ಮಳೆಯಲ್ಲಿ ನಿಮ್ಮ ಕಡೆ ಕರೆಂಟ್ ನಂಬುವಂತಿಲ್ಲ, ಡಿಸೆಂಬರ್ ಆದರೆ ಮೂಟೆಗಳು ಬರಲು ಶುರು. ಗಣೇಶನ ಹಬ್ಬ ಮುಗಿದು ದಸರಾ ಬರುವುದರೊಳಗೆ ಒಂದು ಶನಿವಾರ ಸಂಜೆ ಮಾಡಿ. ಹಳೆಯ ಡಿಸ್ಕನ್ನು ಅಳಿಸಬೇಡಿ. ಬಿಚ್ಚಿ, ತಾರೀಕು ಬರೆದ ಚೀಟಿ ಅಂಟಿಸಿ, ಈ ಸಲದ ಫಸಲಿನ ಲೆಕ್ಕ ಚುಕ್ತಾ ಆಗುವ ತನಕ ಬೀರುವಿನಲ್ಲಿಡಿ. ಆ ಶನಿವಾರ ನಾನು ಹಾಸನದಲ್ಲೇ ಇರುತ್ತೇನೆ, ಶುರು ಮಾಡುವ ಮೊದಲು ಒಂದು ಕರೆ ಮಾಡಿ.