ಪೆಲೆಟ್ ಸ್ಟವ್ ಹೊತ್ತಿಸಿದಾಗ ಮನೆಯೊಳಗೆ ಹೊಗೆ: ತಪ್ಪು ಬಾಗಿಲಿನದೋ, ಕೊಳವೆಯದೋ?

ಪ್ರಶ್ನೆ (ನ್ಯಾಶುವಾ ನಿವಾಸಿ):

ನಾವು ನ್ಯೂ ಹ್ಯಾಂಪ್‌ಷೈರ್‌ನ ನ್ಯಾಶುವಾದಲ್ಲಿದ್ದೇವೆ. ಎರಡು ವರ್ಷದ ಹಿಂದೆ ಕೊಂಡ ಈ ಮನೆಯ ನಡುಮನೆಯಲ್ಲಿ ಹಿಂದಿನ ಮಾಲೀಕರು ಹಾಕಿಸಿದ ಪೆಲೆಟ್ ಸ್ಟವ್ (ಮರದ ಹೊಟ್ಟು ಒತ್ತಿ ಮಾಡಿದ ಗುಳಿಗೆಗಳನ್ನು ಉರಿಸುವ ಒಲೆ) ಇದೆ. ಹೋದ ಚಳಿಗಾಲದಲ್ಲಿ ಯಾವ ತಕರಾರೂ ಇಲ್ಲದೆ ಉರಿದ ಇದು, ಈ ಸಲ ಹೊತ್ತಿಸಿದಾಗಲೆಲ್ಲ ಮೊದಲ ಐದಾರು ನಿಮಿಷ ಕೋಣೆಯ ತುಂಬ ಹೊಗೆವಾಸನೆ ಹಬ್ಬಿಸುತ್ತಿದೆ. ಉರಿ ಹತ್ತಿದ ಮೇಲೆ ವಾಸನೆ ಕಡಿಮೆಯಾಗುತ್ತದೆಯಾದರೂ ಉರಿಯಲ್ಲಿ ಚುರುಕಿಲ್ಲ. ಉದ್ದಕ್ಕೆ ಎದ್ದು, ತುದಿಯಲ್ಲಿ ಕಪ್ಪಾಗಿ, ಮೆಲ್ಲಗೆ ಓಲಾಡುತ್ತಿರುತ್ತದೆ. ಬರ್ನ್ ಪಾಟ್‌ನಲ್ಲಿ (ಗುಳಿಗೆ ಉರಿಯುವ ಬಟ್ಟಲಿನಲ್ಲಿ) ಅರೆಬರೆ ಸುಟ್ಟ ಗುಳಿಗೆಗಳು ರಾಶಿ ಬೀಳುತ್ತವೆ.

ಬಾಗಿಲಿನ ಸಂದಿ ಮುಚ್ಚುವ ಹಗ್ಗದಂಥ ಗ್ಯಾಸ್ಕೆಟ್ಟನ್ನು ಬದಲಾಯಿಸಿದೆ. ಗಾಜಿನ ಅಂಚಿಗೂ ನಾಲ್ಕೂ ಕಡೆ ಹೊಸ ಪಟ್ಟಿ ಅಂಟಿಸಿದೆ. ಬರ್ನ್ ಪಾಟ್‌ನ ತೂತುಗಳನ್ನೆಲ್ಲ ಮೊಳೆಯಿಂದ ಕೆದಕಿ ಬಿಡಿಸಿದೆ. ಇಷ್ಟಾದರೂ ಹೊಗೆ ಹಾಗೆಯೇ ಇದೆ, ಗಾಜು ಮಾತ್ರ ಮೊದಲಿಗಿಂತ ಬೇಗ ಮಸಿ ಹಿಡಿಯುತ್ತಿದೆ. ಮಧ್ಯಾಹ್ನಕ್ಕಿಂತ ಸಂಜೆಯ ಹೊತ್ತು ವಾಸನೆ ಹೆಚ್ಚು ಎಂಬುದೂ ನನಗೆ ಅರ್ಥವಾಗಿಲ್ಲ.

ಹೊಗೆಕೊಳವೆ 3 ಇಂಚಿನದು. ಸ್ಟವ್‌ನ ಹಿಂದೆ ಒಂದು ಟೀ (T ಆಕಾರದ ಜೋಡುಕೊಳವೆ), ಅಲ್ಲಿಂದ 4 ಅಡಿ ಮೇಲಕ್ಕೆ, ಒಂದು 90 ಡಿಗ್ರಿ ಎಲ್ಬೋ (ತಿರುವು), ಮತ್ತೆ 2 ಅಡಿ ಅಡ್ಡಕ್ಕೆ ಹೋಗಿ ಗೋಡೆ ದಾಟುತ್ತದೆ. ಉರಿಗೆ ಬೇಕಾದ ಗಾಳಿಗೆಂದು ಹೊರಗಿನಿಂದ ಪ್ರತ್ಯೇಕ ಕೊಳವೆ ಇದೆ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲದ ಅಲಾರಂ ಇದುವರೆಗೆ ಕೂಗಿಲ್ಲ. ರಿಪೇರಿಯವರು ಬರುವುದು ಮೂರು ವಾರದ ನಂತರ. ಅಲ್ಲಿಯವರೆಗೆ ನಾನೇ ಪರೀಕ್ಷಿಸಬಹುದಾದದ್ದು ಏನಾದರೂ ಇದೆಯೇ?

ಉತ್ತರ (ಬಚ್ಚಲೊಲೆ):

ನೀವು ಹೊಗೆ ಬರುವುದನ್ನೂ ಉರಿ ಮಂಕಾಗಿರುವುದನ್ನೂ ಒಂದೇ ಕಾಯಿಲೆಯೆಂದು ಎಣಿಸಿದಂತಿದೆ. ನನ್ನ ಅಂದಾಜಿನಲ್ಲಿ ಇವು ಎರಡು.

ಊರಿನ ಬಚ್ಚಲೊಲೆಯಲ್ಲಿ ಕಾವು ಮೇಲೇರುವ ಸೆಳೆತದಿಂದಲೇ ಹೊಗೆ ಹೊರಗೆ ಹೋಗುತ್ತದೆ. ಗಾಳಿ ತಿರುಗಿದರೆ ಅದೇ ಹೊಗೆ ಬಾಯಿಂದ ವಾಪಸು ಬಂದು ಕಣ್ಣು ಉರಿಸುತ್ತದೆ. ಪೆಲೆಟ್ ಸ್ಟವ್‌ನಲ್ಲಿ ಆ ಕೆಲಸವನ್ನು ಬ್ಲೋವರ್ ಎಂಬ ಫ್ಯಾನ್ ಮಾಡುತ್ತದೆ. ಅದು ಕೂತಿರುವುದು ಉರಿಯುವ ಗೂಡಿಗೂ ಹೊಗೆಕೊಳವೆಗೂ ನಡುವೆ. ಆದ್ದರಿಂದ ಅದರ ಹಿಂದಿನ ಗೂಡಿನಲ್ಲಿ ಗಾಳಿಯ ಒತ್ತಡ ಕೋಣೆಗಿಂತ ಕಡಿಮೆ, ಮುಂದಿನ ಕೊಳವೆಯಲ್ಲಿ ಕೋಣೆಗಿಂತ ಹೆಚ್ಚು. ಬ್ಲೋವರ್ ಸರಿಯಾಗಿ ತಿರುಗುತ್ತಿರುವಾಗ ಬಾಗಿಲಿನ ಸಂದಿಯಲ್ಲಿ ಕೋಣೆಯ ಗಾಳಿ ಒಳಕ್ಕೆ ಹೋಗುತ್ತದೆಯೇ ಹೊರತು ಹೊಗೆ ಹೊರಗೆ ಬರುವುದಿಲ್ಲ. ಸಡಿಲವಾದ ಗ್ಯಾಸ್ಕೆಟ್ ಉರಿಯನ್ನು ಕೆಡಿಸಬಲ್ಲದು, ಏಕೆಂದರೆ ಗಾಳಿ ಬರ್ನ್ ಪಾಟ್‌ನ ತೂತುಗಳನ್ನು ಬಿಟ್ಟು ಅಡ್ಡದಾರಿ ಹಿಡಿಯುತ್ತದೆ. ಮನೆಗೆ ಹೊಗೆ ತುಂಬಿಸುವುದು ಮಾತ್ರ ಸಾಮಾನ್ಯವಾಗಿ ಕೊಳವೆಯ ಜೋಡಣೆ.

ಇದನ್ನು ನೋಡಲು ಒಂದು ಊದುಬತ್ತಿ ಸಾಕು. ಸ್ಟವ್ ಉರಿಯುವಾಗ ಬಾಗಿಲಿನ ಅಂಚಿನುದ್ದಕ್ಕೂ ಹಿಡಿದು ಸಾಗಿರಿ: ಬತ್ತಿಯ ಹೊಗೆ ಒಳಕ್ಕೆ ಎಳೆದುಕೊಂಡ ಕಡೆ ಸಂದಿಯಿದೆ. ಕೊಳವೆಯ ಕೀಲುಗಳ ಬಳಿ ಹಿಡಿದರೆ, ಸೋರುವ ಕಡೆ ಆ ಹೊಗೆ ಆಚೆಗೆ ತಳ್ಳಿಸಿಕೊಳ್ಳುತ್ತದೆ. ಇನ್ನೂ ಸ್ಪಷ್ಟವಾಗಬೇಕಾದರೆ ರಾತ್ರಿ ದೀಪ ಆರಿಸಿ, ಹೊತ್ತಿಸಿದ ಕೂಡಲೇ ಪ್ರತಿ ಕೀಲಿನ ಮೇಲೂ ಟಾರ್ಚ್ ಓರೆಯಾಗಿ ಬಿಡಿ.

ಒಂದು ಎಚ್ಚರಿಕೆ: ಉರಿ ಹತ್ತಿದ ಮೇಲೆ ವಾಸನೆ ಕಡಿಮೆಯಾಗುವುದು ಸೋರಿಕೆ ನಿಂತದ್ದಕ್ಕಲ್ಲ. ಗುಳಿಗೆ ಬರಿದೇ ಕಮರುವಾಗ ದಟ್ಟ ಹೊಗೆ ಏಳುತ್ತದೆ, ಜ್ವಾಲೆ ಬಂದ ಮೇಲೆ ಅದು ಕಣ್ಣಿಗೆ ಕಾಣದಷ್ಟು ತೆಳುವಾಗುತ್ತದೆ, ಅಷ್ಟೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಕೀಲು ಸರಿಯಾಗುವವರೆಗೆ ರಾತ್ರಿ ಮಲಗುವಾಗ ಸ್ಟವ್ ಉರಿಸಬೇಡಿ.

ಇನ್ನು ಗಾಜು. ಅನೇಕ ಮಾದರಿಗಳಲ್ಲಿ ಗಾಜಿನ ಒಂದು ಅಂಚಿಗೆ ಬೇಕೆಂದೇ ಪಟ್ಟಿ ಹಾಕಿರುವುದಿಲ್ಲ. ಆ ಕಿರಿದಾದ ಸಂದಿಯಿಂದ ಇಳಿಯುವ ಗಾಳಿಯೇ ಗಾಜಿಗೆ ಮಸಿ ಹತ್ತದಂತೆ ತಡೆಯುತ್ತದೆ. ನೀವು ನಾಲ್ಕೂ ಕಡೆ ಮುಚ್ಚಿದ್ದೀರಿ. ನಿಮ್ಮ ಮಾದರಿಯ ಕೈಪಿಡಿಯಲ್ಲಿ ಚಿತ್ರ ನೋಡಿ.

ಉತ್ತರ (ಸಾಗರದವಳು, ವರ್ಮಾಂಟ್):

ಸಂಜೆಯ ವಾಸನೆಯ ಬಗ್ಗೆ ಒಂದು ಮಾತು. ಆ ಹೊತ್ತಿಗೆ ನಿಮ್ಮ ಮನೆಯಲ್ಲಿ ಅಡುಗೆ ನಡೆಯುತ್ತಿರುತ್ತದೆ ಅಲ್ಲವೇ? ಒಗ್ಗರಣೆಯ ಘಾಟಿಗೆ ನಾವೆಲ್ಲ ಅಡುಗೆಮನೆಯ ಚಿಮ್ನಿಯನ್ನು ಪೂರ್ತಿ ವೇಗಕ್ಕೆ ಇಡುತ್ತೇವೆ. ಕಿಟಕಿಗಳೆಲ್ಲ ಭದ್ರವಾಗಿ ಮುಚ್ಚಿದ ಮನೆಯಿಂದ ಅದು ಗಾಳಿ ಹೀರಿ ಹೊರಗೆ ಹಾಕಿದಾಗ ಕೋಣೆಯ ಒತ್ತಡ ಇಳಿಯುತ್ತದೆ, ಸೋರುವ ಕೀಲಿನಿಂದ ಹೊಗೆ ಇನ್ನಷ್ಟು ಸುಲಭವಾಗಿ ಒಳಕ್ಕೆ ಬರುತ್ತದೆ. ಸ್ನಾನದ ಮನೆಯ ಫ್ಯಾನ್, ಬಟ್ಟೆ ಒಣಗಿಸುವ ಡ್ರೈಯರ್ ಕೂಡ ಇದನ್ನೇ ಮಾಡುತ್ತವೆ. ಚಿಮ್ನಿ ಓಡುತ್ತಿರುವಾಗ ಹತ್ತಿರದ ಕಿಟಕಿಯನ್ನು ಒಂದು ಇಂಚು ತೆರೆದು, ವಾಸನೆ ಮತ್ತು ಉರಿ ಎರಡರಲ್ಲಿ ಯಾವುದು ಬದಲಾಗುತ್ತದೆಂದು ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ.

ಹೊಗೆಗೆ ಎಷ್ಟು ತಡೆಯಿದೆಯೆಂದು ತಿಳಿಯಲು, ತಿರುವುಗಳನ್ನೂ ಅಡಿಗಳಾಗಿ ಎಣಿಸಿ ಕೊಳವೆಯ ಉದ್ದವನ್ನೂ ಲೆಕ್ಕ ಹಾಕಿದೆ. ಟೀಗೆ 5, 90 ಡಿಗ್ರಿ ಎಲ್ಬೋಗೆ 5, ಅಡ್ಡ ಹೋಗುವ ಪ್ರತಿ ಅಡಿಗೆ 1, ಮೇಲಕ್ಕೆ ಹೋಗುವ ಪ್ರತಿ ಅಡಿಗೆ ಅರ್ಧ ಎಂಬುದು ವಾಡಿಕೆಯ ಲೆಕ್ಕ. ನಿಮ್ಮದು 5, 2, 5, 2 ಕೂಡಿ 14 ಆಗುತ್ತದೆ. ಮೊತ್ತ 15 ದಾಟಿದರೆ 4 ಇಂಚಿನ ಕೊಳವೆ ಹಾಕಬೇಕೆನ್ನುತ್ತಾರೆ. ಒಂದು ಅಡಿಯ ಅಂತರದಲ್ಲಿ ನೀವು ಪಾರಾಗಿದ್ದೀರಿ. ಆದರೆ ಟೀಯ ಕೆಳಗಿನ ಮುಚ್ಚಳ ಬಿಚ್ಚಿ ನೋಡಿದ್ದೀರಾ? ಹಾರುಬೂದಿ ಹಿಟ್ಟಿನಂತೆ ಬಂದು ಕೂರುವುದು ಅಲ್ಲಿಯೇ, ಮತ್ತು ಬ್ಲೋವರ್‌ನ ರೆಕ್ಕೆಗಳ ಮೇಲೆ. ರೆಕ್ಕೆಗಳನ್ನು ತಲುಪಲು ಬ್ಲೋವರನ್ನು ಬಿಚ್ಚಿದರೆ ಅದರ ಗ್ಯಾಸ್ಕೆಟ್ ಹರಿಯುವುದು ಹೆಚ್ಚುಕಡಿಮೆ ಖಚಿತ, ಹೊಸದೊಂದು ಕೈಯಲ್ಲಿರದೆ ಬಿಚ್ಚಬೇಡಿ. ಬೂದಿ ತೆಗೆಯಲು ಮನೆ ಗುಡಿಸುವ ವ್ಯಾಕ್ಯೂಮ್ ಸಲ್ಲದು. ಬೂದಿಯಡಿ ಕೆಂಡ ಒಂದೆರಡು ದಿನವೂ ಜೀವ ಹಿಡಿದಿರಬಹುದು.

ಹೊಗೆ ಕಂಡ ಗಾಬರಿಯಲ್ಲಿ ಪ್ಲಗ್ ಎಳೆಯುವವರನ್ನೂ ನೋಡಿದ್ದೇನೆ. ಬ್ಲೋವರ್ ನಿಂತರೆ ಒಳಗಿನ ಹೊಗೆ ಮನೆಗೇ ಬರಬಹುದು. ಸ್ವಿಚ್ ಒತ್ತಿ, ಅದು ತಾನಾಗಿ ಆರುವವರೆಗೆ ಕಾಯಬೇಕು. ಅಲಾರಂ ಕೂಗಿದರೆ ಮಾತ್ರ ಸ್ಟವ್‌ನ ಯೋಚನೆ ಬಿಟ್ಟು ಎಲ್ಲರೂ ಹೊರಗೆ ನಡೆದು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ.

ಮರುನುಡಿ (ನ್ಯಾಶುವಾ ನಿವಾಸಿ):

ಇಬ್ಬರಿಗೂ ಧನ್ಯವಾದಗಳು. ಕಿಟಕಿ ತೆರೆದಾಗ ವಾಸನೆ ಸ್ಪಷ್ಟವಾಗಿ ಇಳಿಯಿತು, ಉರಿ ಮಾತ್ರ ಒಂದಿಷ್ಟೂ ಬದಲಾಗಲಿಲ್ಲ. ಊದುಬತ್ತಿಯ ಹೊಗೆ ಬಾಗಿಲಿನ ಸುತ್ತ ನೆಟ್ಟಗೇ ಏರಿತು; ಸ್ಟವ್‌ನ ಹಿಂದೆ, ಟೀ ಸೇರುವ ಕೀಲಿನ ಬಳಿ ತಟ್ಟನೆ ಪಕ್ಕಕ್ಕೆ ಹಾರಿತು. ಅಲ್ಲಿ ಸಂದಿಗೆ ಮೆತ್ತಿದ್ದ ಸಿಲಿಕೋನ್ ಒಣಗಿ ಬಿರುಕು ಬಿಟ್ಟು, ಕೊಳವೆಯ ಮೇಲೆ ಬೆರಳಗಲದ ಕಂದು ಗೆರೆ ಇಳಿದಿದೆ.

ಉತ್ತರ (ಬಚ್ಚಲೊಲೆ):

ಹೊಗೆಯ ಮೂಲ ಸಿಕ್ಕಿತು. ಸ್ಟವ್ ಪೂರ್ತಿ ತಣಿದ ಮೇಲೆ ಹಳೆಯ ಸಿಲಿಕೋನನ್ನು ಕೆರೆದು, ಹೆಚ್ಚು ಕಾವು ತಡೆಯುವ ಸಿಲಿಕೋನನ್ನೇ ಹಚ್ಚಿ ಒಂದು ದಿನ ಒಣಗಲು ಬಿಡಿ. ಬರೀ ಅಲ್ಯೂಮಿನಿಯಂ ಟೇಪ್ ಸುತ್ತಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಕಿಟಕಿ ತೆರೆದರೂ ಉರಿ ಬದಲಾಗಲಿಲ್ಲವೆಂದರೆ ಸ್ಟವ್ ಕೋಣೆಯ ಗಾಳಿಯನ್ನು ಉಸಿರಾಡುತ್ತಲೇ ಇಲ್ಲ. ಹೊರಗಾಳಿಯ ಕೊಳವೆಯನ್ನು ಸ್ಟವ್‌ನ ಹಿಂಬದಿಯಲ್ಲಿ ತಾತ್ಕಾಲಿಕವಾಗಿ ಬಿಡಿಸಿ ಹೊತ್ತಿಸಿ ನೋಡಿ. ಉರಿ ಚುರುಕಾದರೆ ಅಡಚಣೆ ಆ ಕೊಳವೆಯಲ್ಲಿದೆ; ಆಗದಿದ್ದರೆ ಬ್ಲೋವರ್ ಮತ್ತು ಒಳಗಿನ ಬೂದಿದಾರಿಗಳನ್ನು ನೋಡಬೇಕು.

ಮರುನುಡಿ (ನ್ಯಾಶುವಾ ನಿವಾಸಿ):

ಕೊಳವೆ ಬಿಡಿಸಿ ಹೊತ್ತಿಸಿದಾಗ ಉರಿ ಗಿಡ್ಡವಾಗಿ, ಹಳದಿಗೆ ತಿರುಗಿ, ಬಟ್ಟಲಿನಲ್ಲಿ ಗುಳಿಗೆಗಳು ಕುಣಿಯತೊಡಗಿದವು. ಹೊರಗೆ ಹೋಗಿ ಹಿಮ ಸರಿಸಿ ನೋಡಿದರೆ, ಗಾಳಿ ಕೊಳವೆಯ ಬಾಯಿಯ ಜಾಲರಿಗೆ ಬೂದುಬಣ್ಣದ ಕಂಬಳಿಯ ತುಂಡಿನಂಥದು ಮೆತ್ತಿಕೊಂಡಿತ್ತು. ಬೇಸಿಗೆಯಲ್ಲಿ ನಾವು ಡ್ರೈಯರಿನ ಕೊಳವೆಯನ್ನು ಅದೇ ಗೋಡೆಗೆ, ಅದರಿಂದ ಎರಡಡಿ ದೂರಕ್ಕೆ ತಿರುಗಿಸಿದ್ದೆವು. ಬಟ್ಟೆಯ ಜುಂಗೆಲ್ಲ ನೇರ ಜಾಲರಿಗೆ ಬಂದು ಕೂತಿದೆ. ಹೋದ ವರ್ಷ ಇಲ್ಲದ ತೊಂದರೆ ಈ ವರ್ಷ ಬಂದದ್ದು ಹೀಗೆ.

ಜಾಲರಿ ಶುಚಿಮಾಡಿ ಕೊಳವೆಯನ್ನು ಮತ್ತೆ ಜೋಡಿಸಿದ್ದೇನೆ. ಕೈಪಿಡಿಯ ಚಿತ್ರದಲ್ಲಿ ಗಾಜಿನ ಮೇಲಂಚಿಗೆ ಪಟ್ಟಿ ಇರಲಿಲ್ಲ, ಅದನ್ನೂ ಕಿತ್ತೆ. ಕೀಲಿಗೆ ಸಿಲಿಕೋನ್ ಹಚ್ಚಿ ಒಂದು ದಿನ ಕಾದು, ನಿನ್ನೆ ಸಂಜೆ ಚಿಮ್ನಿ ಓಡುತ್ತಿರುವಾಗಲೇ ಹೊತ್ತಿಸಿದೆ. ಊದುಬತ್ತಿಯ ಹೊಗೆ ಕೀಲಿನ ಬಳಿಯೂ ನೆಟ್ಟಗೆ ಏರಿತು. ಡ್ರೈಯರಿನ ಕೊಳವೆಯನ್ನು ಬೇರೆ ಗೋಡೆಗೆ ತಿರುಗಿಸುವವರೆಗೆ ವಾರಕ್ಕೊಮ್ಮೆ ಜಾಲರಿ ನೋಡುತ್ತೇನೆ. ರಿಪೇರಿಯವರ ಭೇಟಿಯನ್ನು ರದ್ದು ಮಾಡಿಲ್ಲ. ಬ್ಲೋವರನ್ನು ಅವರಿಂದಲೇ ಶುಚಿಮಾಡಿಸಲು ಅದರ ಗ್ಯಾಸ್ಕೆಟ್ ಒಂದನ್ನು ಮುಂಚೆಯೇ ತರಿಸಿಟ್ಟಿದ್ದೇನೆ.