ಸಹಾಯ ಬೇಕು: ದಮ್ಮಾಮ್‌ನಲ್ಲಿ ರಂಜಾನ್ ತಿಂಗಳು, ನನಗೆ ಶುಗರ್ ಇದೆ

ಎಲ್ಲರಿಗೂ ನಮಸ್ಕಾರ. ಸೌದಿಯ ದಮ್ಮಾಮ್‌ಗೆ ಬಂದು ಏಳು ತಿಂಗಳಾಯ್ತು, ಇದು ನನ್ನ ಮೊದಲ ರಂಜಾನ್. ಇಲ್ಲಿನ ಕಾನೂನಿನಂತೆ ಈ ತಿಂಗಳು ಮುಸ್ಲಿಂ ನೌಕರರಿಗೆ ದಿನಕ್ಕೆ 6 ಗಂಟೆ ಕೆಲಸ, ನನಗೆ ಎಂದಿನಂತೆ 8. ಅದಕ್ಕೆ ಬೇಸರವಿಲ್ಲ, ಉಪವಾಸವಿದ್ದು ದುಡಿಯೋದು ಎಷ್ಟು ಕಷ್ಟ ಅಂತ ಕಣ್ಣಾರೆ ನೋಡ್ತಿದ್ದೀನಿ.

ತೊಂದರೆ ಊಟದ್ದು. ಮಧ್ಯಾಹ್ನ ಊಟ ಮಾಡಿ ಶುಗರ್ ಮಾತ್ರೆ ತಗೊಳ್ಳಲೇಬೇಕು. ಇಫ್ತಾರ್ ತನಕ ಎಲ್ಲರೆದುರು ನೀರೂ ಕುಡಿಯೋ ಹಾಗಿಲ್ಲ, ಬೇರೆ ಧರ್ಮದವರಾದ್ರೂ ಅಷ್ಟೇ. ಆಫೀಸಿನ ಪ್ಯಾಂಟ್ರಿಗೆ ಬೀಗ. ಎರಡು ದಿನ ಶೌಚಾಲಯದಲ್ಲಿ ನಿಂತು ತಿಂದೆ, ಮನಸ್ಸಿಗೆ ತುಂಬಾ ಹಿಂಸೆ ಆಯ್ತು. ಮೊನ್ನೆ ಊಟ ಬಿಟ್ಟೆ, ಸಂಜೆ ಕೈ ನಡುಗಿ ಬೆವರಿಳೀತು. ಎಚ್‌ಆರ್‌ ಹತ್ರ ಹೇಳಿದ್ರೆ ‘ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದ್ರು. ರೂಮಿನ ಬ್ಯಾರಿ ಅಣ್ಣ ಮಾತ್ರ, ತಾವು ಉಪವಾಸ ಇದ್ದರೂ, ‘ಕಾಯಿಲೆಯವರಿಗೆ ನಮ್ಮಲ್ಲೇ ಉಪವಾಸದಿಂದ ವಿನಾಯಿತಿ ಇದೆ, ಒಂದು ಮುಚ್ಚಿದ ಕೋಣೆ ಕೇಳಿ’ ಅಂತ ಧೈರ್ಯ ಹೇಳಿದ್ರು.

ನನಗೆ ಗೊತ್ತಾಗದಿರೋದು ಇಷ್ಟು: ಕೋಣೆಗಾಗಿ ಬರೆದು ಕೇಳುವಾಗ ಡಾಕ್ಟರ್ ಚೀಟಿ ಅರೇಬಿಕ್‌ನಲ್ಲೇ ಇರಬೇಕಾ? ಮೊದಲು ಮ್ಯಾನೇಜರ್‌ಗೆ ಕೊಡೋದಾ, ಮತ್ತೆ ಎಚ್‌ಆರ್‌ಗೇನಾ? ಸೌದಿಯಲ್ಲಿ ಹೀಗೆ ಕೇಳಿ ಪಡೆದವರಿದ್ರೆ ದಯವಿಟ್ಟು ಹೇಳಿ.